ಹುಟ್ಟನ್ನು ಇಟ್ಟುಕೊಂಡು ಬದಲಾವಣೆಯನ್ನು ಕತ್ತರಿಸಿದರು

ಕತ್ತರಿಗೆ ಕಣ್ಣಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಎಲ್ಲಿ ಆಡಿತು, ಎಲ್ಲಿ ಆಡದೆ ನಿಂತಿತು ಅನ್ನೋದನ್ನ ನೋಡಿದರೆ ಸಾಕು, ಹಿಡಿದ ಕೈಗೆ ಏನು ಬೇಕಿತ್ತು, ಏನು ಬೇಡವಾಗಿತ್ತು ಎಂಬುದು ತಿಳಿಯುತ್ತದೆ.

ಎನ್‌ಸಿಇಆರ್‌ಟಿಯ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಅಂತ ಒಂದು ಪಾಠವಿತ್ತು. ಕೊರೋನಾ ಕಾಲದಲ್ಲಿ ಮಕ್ಕಳ ಓದು ಕೆಟ್ಟಿದೆ, ಹೊರೆ ಇಳಿಸಬೇಕು ಅಂತ 2022ರಲ್ಲಿ ಒಂದು ಪಟ್ಟಿ ಹೊರಟಿತು. 2023ರಲ್ಲಿ ಅಚ್ಚಾಗಿ ಬಂದ ಪುಸ್ತಕದಲ್ಲಿ ಪಾಠದ ಹೆಸರೇ ಅರ್ಧಕ್ಕೆ ಇಳಿದಿತ್ತು: 'ಅನುವಂಶೀಯತೆ'. ಮೆಂಡೆಲನ ಬಟಾಣಿ ಉಳಿಯಿತು. ಡಾರ್ವಿನ್ ಹೋದ. ಪಳೆಯುಳಿಕೆ ಹೋಯಿತು. ಹೊಸ ಪ್ರಭೇದ ಹೇಗೆ ಹುಟ್ಟುತ್ತದೆ ಎಂಬುದು ಹೋಯಿತು. ಮನುಷ್ಯನ ವಿಕಾಸದ ಕತೆ ಹೋಯಿತು. ಒಂಬತ್ತನೇ ಕ್ಲಾಸಿನಲ್ಲಿ ಜೀವಿಗಳ ವೈವಿಧ್ಯದ ಪಾಠ ಇತ್ತು, ಅದೂ ಹೋಯಿತು. ಇದೇ ಕತ್ತರಿ ಹತ್ತನೇ ಕ್ಲಾಸಿನ ರಾಜ್ಯಶಾಸ್ತ್ರದ ಪುಸ್ತಕಕ್ಕೂ ನುಗ್ಗಿ, ಜನರ ಹೋರಾಟಗಳ ಪಾಠವನ್ನೂ ಪ್ರಜಾಪ್ರಭುತ್ವದ ಮುಂದಿರುವ ಸವಾಲುಗಳ ಪಾಠವನ್ನೂ ಎತ್ತಿ ಹೊರಗೆ ಹಾಕಿತು.

ಗಮನಿಸಿ ಗೆಳೆಯರೇ. ಅಪ್ಪನಿಂದ ಮಗನಿಗೆ ಏನು ಬರುತ್ತದೆ ಎಂಬುದು ಉಳಿಯಿತು. ತಲೆಮಾರು ಕಳೆದ ಹಾಗೆ ಜೀವವೇ ಬೇರೆಯಾಗುತ್ತದೆ ಎಂಬುದು ಹೋಯಿತು. ಹುಟ್ಟು ಉಳಿಯಿತು, ಬದಲಾವಣೆ ಹೋಯಿತು. ಹುಟ್ಟೇ ಎಲ್ಲ, ಬದಲಾವಣೆ ಎಂಬುದೇ ಇಲ್ಲ ಅನ್ನುವ ಶಾಸ್ತ್ರ ಈ ನೆಲದಲ್ಲಿ ಹೊಸದಲ್ಲ. ಅದರ ಹೆಸರು ನಿಮಗೂ ಗೊತ್ತು, ನಮಗಂತೂ ಬೆನ್ನಿಗೆ ಬರೆದಿಟ್ಟ ಹಾಗೆ ಗೊತ್ತು.

ಯಾರೋ ಮನುಸ್ಮೃತಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಈ ಕೆಲಸ ಮಾಡಿದರು ಅಂತ ನಾವು ಹೇಳುತ್ತಿಲ್ಲ. ಹಾಗೆ ಮಾಡಬೇಕಾದ ಅಗತ್ಯವೇ ಇಲ್ಲ. ರೂಢಿಯಾದ ಕೈ ಪುಸ್ತಕ ನೋಡದೆಯೂ ಸರಿಯಾದ ಜಾಗದಲ್ಲೇ ಕತ್ತರಿಸುತ್ತದೆ.

2023ರ ಏಪ್ರಿಲ್‌ನಲ್ಲಿ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ಪ್ರತಿಭಟಿಸಿದರು. ಅವರಿಗೆ ಸಿಕ್ಕ ಉತ್ತರ ಇಷ್ಟೇ: ಹನ್ನೆರಡನೇ ಕ್ಲಾಸಿನಲ್ಲಿ ಪೂರ್ತಿ ಪಾಠ ಇದೆಯಲ್ಲ, ಬೇಕಾದವರು ಅಲ್ಲಿ ಓದಿಕೊಳ್ಳಲಿ.

ಬೇಕಾದವರು! ಈ ಮಾತನ್ನು ಕೊಡಗಿನ ಒಂದು ಲೈನ್‌ಮನೆಯ ಮುಂದೆ ನಿಂತು ಹೇಳಿ ನೋಡೋಣ. ಹನ್ನೆರಡನೇ ಕ್ಲಾಸಿನಲ್ಲಿ ವಿಕಾಸ ಓದಬೇಕಾದರೆ ಮೊದಲು ಎಸ್‌ಎಸ್‌ಎಲ್‌ಸಿ ದಾಟಬೇಕು. ದಾಟಿದ ಮೇಲೆ ಪಿಯುಸಿಗೆ ಸೇರುವಷ್ಟು ಮನೆಯಲ್ಲಿ ಬಿಡುವಿರಬೇಕು. ಸೇರಿದ ಮೇಲೆ ಸೈನ್ಸ್ ತಗೊಳ್ಳಬೇಕು. ಸೈನ್ಸ್ ತಗೊಂಡ ಮೇಲೂ ಜೀವಶಾಸ್ತ್ರವನ್ನೇ ಆರಿಸಿಕೊಳ್ಳಬೇಕು. ನಾಲ್ಕು ಬಾಗಿಲು. ಹಾಡಿಯ ಆಶ್ರಮ ಶಾಲೆಯಲ್ಲಿ ಅಕ್ಷರ ಕಲಿತ ಜೇನುಕುರುಬರ ಹುಡುಗ, ತೋಟದ ಲೈನಿನಿಂದ ನಡೆದು ಬರುವ ಎರವರ ಹುಡುಗಿ, ಪೈಸಾರಿ ಜಾಗದ ಗುಡಿಸಲಿಂದ ಬರುವ ನಮ್ಮ ಕೇರಿಯ ಮಕ್ಕಳು ಎಷ್ಟನೇ ಬಾಗಿಲಲ್ಲಿ ನಿಲ್ಲುತ್ತಾರೆ ಅಂತ ಪುಸ್ತಕ ಮಾಡುವವರಿಗೆ ಗೊತ್ತಿಲ್ಲವೇ? ಕಾಫಿ ಕುಯ್ಲು ಶುರುವಾದರೆ ಕ್ಲಾಸಿನ ಬೆಂಚು ಖಾಲಿಯಾಗುತ್ತದೆ. ಹತ್ತನೇ ಕ್ಲಾಸು ಮುಗಿದ ಮೇಲೆ ಕೆಲವರು ಐಟಿಐಗೆ, ಕೆಲವರು ಆರ್ಟ್ಸಿಗೆ, ಬಹಳ ಮಂದಿ ಮೈಲುತುತ್ತು ಹೊಡೆಯುವ ಕೆಲಸಕ್ಕೆ ಹೋಗುತ್ತಾರೆ. ನಾವು ಡಿಗ್ರಿ ಮುಗಿಸಿದವರು ಬೆರಳೆಣಿಕೆಯವರು. ನಮ್ಮ ಮನೆಗಳಲ್ಲಿ ಈ ಸಾಮಾನು ಮೊದಲ ಸಲ ಬಂದದ್ದು. ನಮ್ಮ ಜೊತೆ ಬೆಂಚಿನಲ್ಲಿ ಕೂತಿದ್ದವರು ಎಲ್ಲಿ ಉದುರಿದರು ಎಂಬುದು ನಮಗೆ ಹೆಸರು ಹೆಸರಾಗಿ ಗೊತ್ತು.

ಹತ್ತನೇ ಕ್ಲಾಸೇ ನಮ್ಮವರ ವಿಶ್ವವಿದ್ಯಾಲಯ. ಅಲ್ಲಿ ಹೇಳದೆ ಬಿಟ್ಟಿದ್ದನ್ನು ನಮ್ಮವರಿಗೆ ಇನ್ನೆಲ್ಲೂ ಯಾರೂ ಹೇಳುವುದಿಲ್ಲ.

ಇನ್ನು ಕತ್ತರಿಸಿದ ಪುಟಗಳಲ್ಲಿ ಏನಿತ್ತು ಅಂತ ನೋಡಿ. ಕರ್ನಾಟಕದ ಹೈಸ್ಕೂಲಿನ ವಿಜ್ಞಾನ ಪುಸ್ತಕಕ್ಕೂ ಈ ಎನ್‌ಸಿಇಆರ್‌ಟಿ ಪುಸ್ತಕವೇ ಮೂಲವಾದ್ದರಿಂದ ಆ ಪುಟಗಳನ್ನು ನಮ್ಮಲ್ಲಿ ಅನೇಕರು ಕನ್ನಡದಲ್ಲೇ ಓದಿದ್ದೇವೆ. ಅಲ್ಲಿ ಜೀರುಂಡೆಗಳ ಒಂದು ಉದಾಹರಣೆ ಇತ್ತು. ಪೊದೆಗೆ ರೋಗ ಬಂದು ಎಲೆ ಕಡಿಮೆಯಾಗುತ್ತದೆ, ತಿನ್ನಲಿಲ್ಲದೆ ಜೀರುಂಡೆಗಳು ಸೊರಗುತ್ತವೆ. ಆ ಸೊರಗು ವಂಶವಾಹಿಗೆ ಇಳಿಯುವುದಿಲ್ಲ. ರೋಗ ಹೋಗಿ ಎಲೆ ಚಿಗುರಿದರೆ ಮುಂದಿನ ಜೀರುಂಡೆಗಳು ಮತ್ತೆ ದಪ್ಪಗಾಗುತ್ತವೆ. ಎಷ್ಟು ಸಣ್ಣ ಮಾತು! ಆದರೆ ಹಸಿದವರ ಮಕ್ಕಳಿಗೆ ಇದಕ್ಕಿಂತ ದೊಡ್ಡ ಮಾತು ಯಾವುದಿದೆ? "ಇವರು ಹುಟ್ಟಾ ದಡ್ಡರು, ಹುಟ್ಟಾ ಕುಳ್ಳರು, ಇವರ ರಕ್ತವೇ ಹಾಗೆ" ಅಂತ ಕೇಳಿಕೊಂಡು ಬೆಳೆದ ಮಗುವಿಗೆ ಆ ಪುಟ ಹೇಳುತ್ತಿತ್ತು: ಹಸಿವು ಮಾಡಿದ್ದನ್ನು ಹುಟ್ಟಿನ ತಲೆಗೆ ಕಟ್ಟಬೇಡಿ. ಎಲೆ ಕೊಡಿ, ಆಮೇಲೆ ನೋಡಿ.

ಮುಂದೆ ಇನ್ನೊಂದು ಭಾಗವಿತ್ತು. ವಿಕಾಸವನ್ನು ಪ್ರಗತಿ ಅಂತ ತಿಳಿಯಬೇಡಿ ಅಂತ ಅದರ ತಲೆಬರಹವೇ ಹೇಳುತ್ತಿತ್ತು. ಬ್ಯಾಕ್ಟೀರಿಯಾ ಕೀಳೂ ಅಲ್ಲ, ಮನುಷ್ಯ ಮೇಲೂ ಅಲ್ಲ, ಬದುಕಿರುವ ಎಲ್ಲವೂ ಅದರದರ ಜಾಗದಲ್ಲಿ ಗೆದ್ದು ಬಂದವೇ ಎಂಬುದು ಅದರ ತಾತ್ಪರ್ಯ. ಕೊನೆಯಲ್ಲಿ ಮನುಷ್ಯರ ಬಗ್ಗೆ ಒಂದು ಭಾಗ. ಮನುಷ್ಯರೆಲ್ಲ ಒಂದೇ ಪ್ರಭೇದ, ಮೈಬಣ್ಣ ನೋಡಿ ಜನಾಂಗ ಅಂತ ವಿಂಗಡಿಸುವುದಕ್ಕೆ ಜೀವಶಾಸ್ತ್ರದ ಆಧಾರ ಇಲ್ಲ, ನಾವೆಲ್ಲ ಆಫ್ರಿಕಾದಿಂದ ಹೊರಟವರ ಸಂತಾನ ಅಂತ ಅದು ಹೇಳುತ್ತಿತ್ತು.

ಹಸಿವು ಹುಟ್ಟಲ್ಲ. ಬದಲಾವಣೆ ಮೇಲು ಕೀಳಿನ ಮೆಟ್ಟಿಲಲ್ಲ. ಮನುಷ್ಯರೆಲ್ಲ ಒಂದೇ. ಈ ಮೂರು ಮಾತನ್ನೂ ಹೊರೆ ಅಂತ ಇಳಿಸಿದ್ದಾರೆ. ಯಾರ ತಲೆಯ ಹೊರೆ ಸ್ವಾಮಿ?

ಈಗ ನಮ್ಮ ಜಗಳದ ಎರಡನೇ ಭಾಗ. ಕತ್ತರಿ ಬರುವ ಮೊದಲೂ ಈ ಪಾಠ ನಮ್ಮ ಕ್ಲಾಸುಗಳಲ್ಲಿ ನೆಟ್ಟಗೆ ನಡೆದದ್ದು ಎಷ್ಟು ಕಡೆ? "ಮಂಗನಿಂದ ಮಾನವ, ಬರ್ಕೊಳ್ಳಿ" ಅಂತ ಹೇಳಿ ಎರಡು ಪೀರಿಯಡ್ಡಿನಲ್ಲಿ ಮುಗಿಸಿದ ಮೇಷ್ಟ್ರುಗಳೇ ಹೆಚ್ಚು. ಯಾವನೋ ಹುಡುಗ ಎದ್ದು ನಿಂತು "ಸಾರ್, ಹಂಗಾದ್ರೆ ಈಗಿನ ಮಂಗ ಯಾಕೆ ಮನುಷ್ಯ ಆಗ್ತಿಲ್ಲ?" ಅಂದರೆ "ಸುಮ್ನೆ ಕೂತ್ಕೊಳೋ, ಪರೀಕ್ಷೆಗೆ ಬರಲ್ಲ ಅದು" ಅಂತ ಗದರಿಕೆ. ಕ್ಲಾಸೆಲ್ಲ ನಗು. ಆ ನಗುವಿನಲ್ಲಿ ಒಂದು ವಿಜ್ಞಾನ ಸತ್ತುಹೋಯಿತು.

ಹುಡುಗ ಕೇಳಿದ್ದು ಒಳ್ಳೆಯ ಪ್ರಶ್ನೆ. ಉತ್ತರವೂ ಸರಳ. ಈಗಿನ ಮಂಗ ನಮ್ಮ ಅಜ್ಜ ಅಲ್ಲ, ನಮ್ಮ ದಾಯಾದಿ. ನಮಗೂ ಅದಕ್ಕೂ ಬಹಳ ಹಿಂದೆ ಒಬ್ಬನೇ ಹಿರೀಕ ಇದ್ದ, ಅಲ್ಲಿಂದ ಕವಲೊಡೆದು ಅದರ ದಾರಿಗೆ ಅದು, ನಮ್ಮ ದಾರಿಗೆ ನಾವು ಬಂದೆವು. ಚಿಕ್ಕಪ್ಪನ ಮಗ ಯಾವತ್ತು ನಾನಾಗುತ್ತಾನೆ ಅಂತ ಯಾರಾದರೂ ಕೇಳುತ್ತಾರೆಯೇ? ಇಷ್ಟು ಹೇಳಲು ಡಿಗ್ರಿ ಬೇಡ. ಆದರೆ ಹೇಳಿಲ್ಲ. ಹೇಳದ ಕಡೆ ಏನು ಬೆಳೆಯಿತು ನೋಡಿ. 2018ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಖಾತೆಯ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಎದ್ದು ನಿಂತು, ಮಂಗ ಮನುಷ್ಯನಾಗಿದ್ದನ್ನು ಯಾರೂ ನೋಡಿಲ್ಲ, ಆದ್ದರಿಂದ ಡಾರ್ವಿನ್ ತಪ್ಪು, ಪಠ್ಯ ಬದಲಿಸಬೇಕು ಅಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆಯಬೇಕಾಯಿತು. ಕ್ಲಾಸಿನ ಹುಡುಗ ಪ್ರಶ್ನೆ ಕೇಳಿದ್ದ. ಮಂತ್ರಿ ಅದೇ ಪ್ರಶ್ನೆಯನ್ನು ತೀರ್ಪು ಮಾಡಿಬಿಟ್ಟರು. ಮರುವರ್ಷ ಜನವರಿಯಲ್ಲಿ ಜಲಂಧರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಒಬ್ಬ ಕುಲಪತಿ ಡಾರ್ವಿನ್ನಿಗಿಂತ ದಶಾವತಾರವೇ ಮೇಲು ಅಂದರು.

ದಶಾವತಾರದ ಮಾತು ನಮ್ಮ ಹೈಸ್ಕೂಲುಗಳಿಗೂ ಹೊಸದಲ್ಲ. "ನೋಡ್ರೋ, ಮೀನು, ಆಮೆ, ಹಂದಿ, ನರಸಿಂಹ, ವಾಮನ. ನಮ್ಮವರು ಆವಾಗ್ಲೇ ಹೇಳಿದ್ರು" ಅಂತ ಪಾಠದ ಮಧ್ಯೆ ತುರುಕುವುದನ್ನು ನಾವು ಕೇಳಿಕೊಂಡೇ ಬೆಳೆದಿದ್ದೇವೆ. ಕತೆ ಕತೆಯಾಗಿ ಇರಲಿ, ನಮ್ಮ ತಕರಾರಿಲ್ಲ. ಆದರೆ ಪಾಠದಲ್ಲಿ ಅದು ಮಾಡುವ ಕೆಲಸ ನೋಡಿ. ಡಾರ್ವಿನ್ ಹೇಳಿದ್ದು ಯಾರೂ ಇಳಿದು ಬರಲಿಲ್ಲ ಅಂತ. ಅವತಾರ ಅಂದರೆ ಇಳಿದು ಬರುವುದು. ಮೇಲಿನಿಂದ ಒಬ್ಬ ಇಳಿದು ಬಂದು ಕೆಳಗಿನವರನ್ನು ಸರಿಮಾಡುವ ಕತೆಗೂ, ಕೆಳಗಿರುವ ಜೀವಗಳೇ ಹುಟ್ಟಿ, ಸತ್ತು, ಬೇರೆಯಾಗಿ ಲೋಕವನ್ನು ತುಂಬಿದ ಕತೆಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಆ ವಾಮನನ ಪಾದ ಎಲ್ಲಿ ಇಳಿಯಿತು ಎಂಬುದನ್ನು ಬಲಿಯ ಮಕ್ಕಳಾದ ನಾವು ಮರೆತಿಲ್ಲ.

'ವಿಕಾಸ' ಎಂಬ ಮಾತಿನಲ್ಲೇ ಒಂದು ತೊಡಕಿದೆ. ವಿಕಾಸ ಅಂದರೆ ಅರಳುವುದು, ಮೇಲಾಗುವುದು ಅಂತ ಕನ್ನಡದ ಕಿವಿ ಕೇಳಿಸಿಕೊಳ್ಳುತ್ತದೆ. ಸರ್ಕಾರದ ಬಾಯಲ್ಲೂ ಅದೇ ಮಾತು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿ ಬೀದಿಗೆ ಹಾಕಿದ ಕಾಲದಲ್ಲೂ ಗೋಡೆ ಗೋಡೆಯ ಮೇಲೆ ವಿಕಾಸ ಎಂಬ ಮಾತೇ ಇತ್ತು. ಬಗ್ಗಿದ ಕಪಿ, ಅರೆಬಗ್ಗಿದ ಕಪಿ, ಕೋಲು ಹಿಡಿದವನು, ಕೊನೆಗೆ ನೆಟ್ಟಗೆ ನಿಂತ ಬಿಳಿಯ ಗಂಡಸು ಎಂಬ ಸಾಲುಚಿತ್ರ ಎಲ್ಲರೂ ನೋಡಿದ್ದೀರಿ. ಅದು ಡಾರ್ವಿನ್ ಬರೆದದ್ದಲ್ಲ, 1965ರಲ್ಲಿ ಅಮೆರಿಕದ ಒಂದು ಪುಸ್ತಕಕ್ಕೆ ಒಬ್ಬ ಕಲಾವಿದ ಬಿಡಿಸಿದ್ದು. ಆ ಸಾಲನ್ನು ಅಡ್ಡವಾಗಿ ನೋಡಿದರೆ ನಡಿಗೆ, ನೆಟ್ಟಗೆ ನಿಲ್ಲಿಸಿ ನೋಡಿದರೆ ಏಣಿ. ಏಣಿ ಅಂದ ಕೂಡಲೆ ಯಾರು ಮೇಲೆ, ಯಾರು ಕೆಳಗೆ ಅಂತ ಕೇಳುವ ದೇಶ ಇದು. 'ಕೆಳವರ್ಗದ ಪ್ರಾಣಿ', 'ಮೇಲ್ವರ್ಗದ ಪ್ರಾಣಿ' ಅಂತ ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನ ಮಗು ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಅದಕ್ಕೆ ಯಾರೂ ತೋರಿಸಿಕೊಡಬೇಕಾಗಿಲ್ಲ.

ಹಾಗಾದರೆ ಸರಿಯಾದ ವಿವರಣೆ ಯಾವುದು? ನಾವೇ ಬರೆಯುತ್ತೇವೆ, ಬೇಕಾದವರು ಬರೆದುಕೊಳ್ಳಿ. ಒಂದು ಜೀವಿಯ ಗುಂಪಿನಲ್ಲಿ ಎಲ್ಲರೂ ಒಂದೇ ಥರ ಇರುವುದಿಲ್ಲ. ಆ ವ್ಯತ್ಯಾಸಗಳಲ್ಲಿ ಕೆಲವು ಹುಟ್ಟಿನಿಂದ ಹುಟ್ಟಿಗೆ ಸಾಗುತ್ತವೆ. ತಲೆಮಾರಿನಿಂದ ತಲೆಮಾರಿಗೆ ಆ ಗುಂಪಿನಲ್ಲಿ ಯಾವ ವ್ಯತ್ಯಾಸ ಎಷ್ಟು ಮಂದಿಯಲ್ಲಿ ಇದೆ ಎಂಬ ಲೆಕ್ಕ ಬದಲಾಗುತ್ತದೆ. ಆ ಬದಲಾವಣೆಯೇ ಜೀವವಿಕಾಸ. ಒಬ್ಬ ಬದಲಾಗುವುದಿಲ್ಲ, ಗುಂಪು ಬದಲಾಗುತ್ತದೆ. ಯಾಕೆ ಬದಲಾಗುತ್ತದೆ? ಆ ಹೊತ್ತಿನ ಆ ನೆಲದಲ್ಲಿ ಹೆಚ್ಚು ಮಕ್ಕಳನ್ನು ಉಳಿಸಿಕೊಂಡವರ ಗುಣ ಹೆಚ್ಚಾಗುತ್ತದೆ. ಒಮ್ಮೊಮ್ಮೆ ಬರೀ ಆಕಸ್ಮಿಕದಿಂದಲೂ ಹೆಚ್ಚಾಗುತ್ತದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ನೆಲ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅದು ಏಣಿಯಲ್ಲ, ಆಲದ ಮರ. ಕೊಂಬೆಯ ತುದಿಯಲ್ಲಿರುವ ಎಲೆಗಳೆಲ್ಲ ಅಷ್ಟೇ ಹೊಸವು, ಅಷ್ಟೇ ಹಳೆಯವು.

ಇದನ್ನು ಕಲಿಸಲು ಗಲಾಪಗಸ್ ದ್ವೀಪಕ್ಕೆ ಹೋಗಬೇಕಾಗಿಲ್ಲ. ಕೊಡಗಿನ ತೋಟವೇ ಸಾಕು. ಅರೇಬಿಕಾ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕೂರುತ್ತದಲ್ಲ, ಎಲೆ ತುಕ್ಕು ರೋಗ, ಅದು ಒಂದು ಬೂಷ್ಟು. 1869ರಲ್ಲಿ ಸಿಲೋನಿನಲ್ಲಿ ಕಂಡು ಅಲ್ಲಿನ ಕಾಫಿಯನ್ನೇ ತಿಂದುಹಾಕಿತು. ಆಮೇಲೆ ನಮ್ಮ ಕಡೆಯ ತೋಟಗಳಿಗೂ ಬಂತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯಲ್ಲಿ ಕೆಂಟ್ ಎಂಬ ತೋಟದವನು ರೋಗ ತಗಲದ ಗಿಡಗಳನ್ನು ಆರಿಸಿ ಅದರ ಬೀಜ ಹಬ್ಬಿಸಿದ. ಗಿಡ ಗೆದ್ದಿತು ಅಂದುಕೊಂಡರು. ಕೆಲವೇ ವರ್ಷಗಳಲ್ಲಿ ಆ ಗಿಡಕ್ಕೂ ತಗಲುವ ತುಕ್ಕಿನ ಹೊಸ ಬಗೆ ಎದ್ದಿತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಎಸ್.795 ಬಂತು. ಕಾಲ ಕಳೆದಂತೆ ಅದರ ಮೇಲೂ ಕೂರಬಲ್ಲ ತುಕ್ಕು ಬಂತು. ಇವತ್ತು ಲೋಕದಲ್ಲಿ ಈ ತುಕ್ಕಿನ ಐವತ್ತಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಿದ್ದಾರೆ. ಕೋಟಿ ಕೋಟಿ ಬೀಜಕಣಗಳಲ್ಲಿ ಯಾವುದೋ ಒಂದರಲ್ಲಿ ಹುಟ್ಟಿದ ವ್ಯತ್ಯಾಸ ಆ ಗಿಡದ ಬೀಗಕ್ಕೆ ಕೀಲಿಯಾಯಿತು, ಅದರ ಸಂತಾನ ತೋಟ ತುಂಬಿತು. ಇದು ಜೀವವಿಕಾಸ. ಯಾರೂ ನೋಡಿಲ್ಲ ಅಂದ ಮಂತ್ರಿಗೆ ಹೇಳಿ: ನೋಡಿದವರು ಇದ್ದಾರೆ. ಮೈಲುತುತ್ತು, ಸುಣ್ಣ ಕಲಸಿದ ಡ್ರಮ್ಮಿನ ಪಕ್ಕ ನೀಲಿಯಾದ ಕೈ ಹಿಡಿದು ನಿಂತ ನಮ್ಮಪ್ಪಂದಿರು ತಲೆಮಾರುಗಟ್ಟಲೆ ನೋಡಿದ್ದಾರೆ. ಯಾವ ಗಿಡಕ್ಕೆ ಮೊದಲು ತುಕ್ಕು ಹಿಡಿಯುತ್ತದೆ, ಯಾವುದು ತಡೆಯುತ್ತದೆ ಅಂತ ಅವರು ಕಣ್ಣುಮುಚ್ಚಿ ಹೇಳುತ್ತಾರೆ. ಅವರಿಗೆ ಗೊತ್ತಿಲ್ಲದ್ದು ಒಂದೇ, ತಾವು ನೋಡುತ್ತಿರುವುದರ ಹೆಸರು. ಆ ಹೆಸರು ಅವರ ಮಕ್ಕಳ ಪುಸ್ತಕದಲ್ಲಿತ್ತು. ಅದನ್ನೇ ಕಿತ್ತರು.

ಇನ್ನೊಂದು ಉದಾಹರಣೆ ತೋಟದ್ದಲ್ಲ, ನಮ್ಮ ಮೈಯದು. ನೀಲಗಿರಿ, ವಯನಾಡು, ಮೈಸೂರು, ಕೊಡಗಿನ ಕಾಡಂಚಿನ ಆದಿವಾಸಿಗಳಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದೆ. ದುಂಡಗಿರಬೇಕಾದ ಕೆಂಪು ಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಮೈಕೈ ಸೀಳುವಂಥ ನೋವು, ರಕ್ತಹೀನತೆ, ಸಣ್ಣ ವಯಸ್ಸಿನ ಸಾವು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನಕ್ಕೆ ಒಂದು ಅಭಿಯಾನ ಶುರುಮಾಡಿತು. ಹಾಡಿಗಳಲ್ಲಿ ರಕ್ತ ಪರೀಕ್ಷೆ ಮಾಡಿ ಕಾರ್ಡು ಕೊಡುವುದು ಆ ಅಭಿಯಾನದ ಕೆಲಸ. ಒಳ್ಳೆಯದೇ. ಚಿಕಿತ್ಸೆ ಬೇಕು, ಪರೀಕ್ಷೆ ಬೇಕು, ಯಾರನ್ನು ಮದುವೆಯಾದರೆ ಮಗುವಿಗೆ ಅಪಾಯ ಅಂತ ತಿಳಿಯಬೇಕು.

ಆದರೆ ಆ ಕಾರ್ಡು ಕೈಗೆ ಬಂದ ಹುಡುಗಿಗೆ ಅದರ ಅರ್ಥ ಹೇಳುವವರು ಯಾರು? ಜೀವವಿಕಾಸ ಗೊತ್ತಿಲ್ಲದಿದ್ದರೆ ಉಳಿಯುವ ಅರ್ಥ ಒಂದೇ: ನಿಮ್ಮ ರಕ್ತವೇ ಕೆಟ್ಟದ್ದು. ಗೊತ್ತಿದ್ದರೆ ಕತೆ ಬೇರೆ. ಮುಂದೆ ಭಾರತದ ಪೌರನೇ ಆಗಿ ಭುವನೇಶ್ವರದಲ್ಲಿ ಕಣ್ಣುಮುಚ್ಚಿದ ಹಾಲ್ಡೇನ್ ಎಂಬ ವಿಜ್ಞಾನಿ, ಇಂಥ ರಕ್ತದ ಕಾಯಿಲೆಗಳಿಗೂ ಮಲೇರಿಯಾಕ್ಕೂ ನಂಟಿರಬೇಕು ಅಂತ 1949ರಲ್ಲೇ ಊಹಿಸಿದ. 1954ರಲ್ಲಿ ಆಲಿಸನ್ ಎಂಬಾತ ಪೂರ್ವ ಆಫ್ರಿಕಾದಲ್ಲಿ ಸಿಕಲ್ ಸೆಲ್ಲಿನ ವಿಷಯದಲ್ಲಿ ಅದನ್ನು ತೋರಿಸಿಕೊಟ್ಟ. ಈ ವಂಶವಾಹಿ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಕಾಯಿಲೆ ಇಲ್ಲ, ಬದಲಿಗೆ ಕೊಲ್ಲುವ ಮಲೇರಿಯಾದಿಂದ ರಕ್ಷಣೆ. ಚಳಿಜ್ವರ ಊರಿಗೆ ಊರನ್ನೇ ಒರೆಸಿದ ಈ ಕಾಡುಗಳಲ್ಲಿ ನಮ್ಮ ಹಿರೀಕರು ಉಳಿದದ್ದರಲ್ಲಿ ಅದರ ಪಾಲೂ ಇದೆ. ಕಾರ್ಡು ಹಿಡಿದ ಹುಡುಗಿಗೆ ಹೇಳಬೇಕಾದ ಮಾತು ಇದು: ತಂಗಿ, ಇದು ಶಾಪ ಅಲ್ಲ, ಕುಲದ ಕಳಂಕ ಅಲ್ಲ. ನಿನ್ನ ಅಜ್ಜಿಯರು ಕಾಡಿನ ಜ್ವರದ ಜೊತೆ ಕಾದಾಡಿ ಗೆದ್ದ ಗುರುತು. ಗೆಲುವಿಗೆ ಕೊಟ್ಟ ಬೆಲೆಯೂ ಅದೇ. ಈಗ ಜ್ವರಕ್ಕೆ ಮದ್ದಿದೆ, ಗುರುತು ಉಳಿದಿದೆ, ಅದನ್ನು ಸಂಭಾಳಿಸುವ ದಾರಿ ತಿಳಿದುಕೋ.

ರಕ್ತ ಪರೀಕ್ಷೆ ಮಾಡುವ ಸರ್ಕಾರಕ್ಕೆ ರಕ್ತದ ಚರಿತ್ರೆ ಹೇಳುವ ಪಾಠ ಮಾತ್ರ ಹೊರೆಯಾಯಿತು. ಇದಕ್ಕಿಂತ ಕ್ರೂರ ತಮಾಷೆ ಯಾವುದಿದೆ?

ನಮ್ಮ ಮೈಯನ್ನು ಅಳೆದವರ ಚರಿತ್ರೆ ಉದ್ದದ್ದು. 1901ರಲ್ಲಿ ಟಿ.ಎಚ್. ಹಾಲೆಂಡ್ ಎಂಬ ಭೂವಿಜ್ಞಾನಿ ಕೊಡವರನ್ನೂ ಎರವರನ್ನೂ ಎದುರುಬದುರು ನಿಲ್ಲಿಸಿ, ತಲೆ ಮೂಗು ಅಳೆದು, ಇಬ್ಬರೂ ಎಷ್ಟು ಬೇರೆ ಅಂತ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಅದೇ 1901ರ ಜನಗಣತಿಯ ಕಮಿಷನರ್ ರಿಸ್ಲೆ ಎಂಬಾತ ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಅಂತ ಸಿದ್ಧಾಂತ ಕಟ್ಟಿದವನು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ, ರಕ್ತಶುದ್ಧಿಗಾಗಿ ಜಾತಿ ಎಂಬ ವಾದವನ್ನು ಬೇರುಸಹಿತ ಕಿತ್ತರು. ಜಾತಿ ಒಂದೇ ಜನಾಂಗದ ಜನರನ್ನು ಸಮಾಜ ಹಂಚಿಹಾಕಿದ್ದು, ಹುಟ್ಟು ಹಂಚಿದ್ದಲ್ಲ ಅಂದರು. 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆಯುವಾಗ ಅದೇ ಮೂಗಿನ ಅಳತೆಗಳನ್ನು ತಿರುಗಿಸಿ ಹಿಡಿದು, ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗ ಅಂತ ಇವರ ಅಳತೆಪಟ್ಟಿಯೇ ಹೇಳುತ್ತಿದೆಯಲ್ಲ ಅಂತ ಕೇಳಿದರು.

ಈಗ ಮೂಗು ಬಿಟ್ಟು ಡಿಎನ್‌ಎ ನೋಡುವ ಕಾಲ. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡಿನ ವಿಜ್ಞಾನಿಗಳು 2013ರಲ್ಲಿ ಹೇಳಿದ್ದು: ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಈ ದೇಶದ ಹೆಚ್ಚುಕಡಿಮೆ ಎಲ್ಲ ಗುಂಪುಗಳೂ ಬೆರೆತವು, ಆಮೇಲೆ ಬೆರೆಯುವುದು ನಿಂತಿತು. 2016ರಲ್ಲಿ ಬಂಗಾಳದ ಕಲ್ಯಾಣಿಯ ವಿಜ್ಞಾನಿಗಳು ಹೇಳಿದ್ದು: ಮೇಲ್ಜಾತಿಗಳಲ್ಲಿ ಈ ಬೆರಕೆ ಸುಮಾರು 70 ತಲೆಮಾರುಗಳ ಹಿಂದೆ ಏಕಾಏಕಿ ನಿಂತಿದೆ. ಸನಾತನ ಅಂದದ್ದರ ವಯಸ್ಸು ಇದು! ಮನುಷ್ಯ ಪ್ರಭೇದದ ವಯಸ್ಸು ಸುಮಾರು ಮೂರು ಲಕ್ಷ ವರ್ಷ. ಅದರಲ್ಲಿ 70 ತಲೆಮಾರು ಎಷ್ಟರದು? ನಿನ್ನೆ ಸಂಜೆ ಹಾಕಿದ ಬೇಲಿ. ಹಾಕಿದವರು ಮನುಷ್ಯರು, ಕೀಳಬೇಕಾದವರೂ ಮನುಷ್ಯರೇ. ನಮ್ಮ ಜೀವಶಾಸ್ತ್ರದ ಪುಸ್ತಕ 'ಜಾತಿ' ಎಂಬ ಮಾತನ್ನು ಪ್ರಭೇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಗುಂಪಿಗೆ ಬಳಸುತ್ತದೆ. ಆ ಲೆಕ್ಕದಲ್ಲಿ ನಮ್ಮ ಜಾತಿ ಹೋಮೋ, ಪ್ರಭೇದ ಸೇಪಿಯನ್ಸ್. ಅರ್ಜಿಯಲ್ಲಿ ಜಾತಿಯ ಕಾಲಂ ಮುಂದೆ ಕೂತು ಪೆನ್ನು ಕಚ್ಚುವ ಪ್ರತಿ ಮಗುವಿಗೂ ಇದನ್ನು ಒಂದು ಸಲವಾದರೂ ಗಟ್ಟಿಯಾಗಿ ಹೇಳಬೇಡವೇ?

ಇನ್ನೊಬ್ಬನ ಹೆಸರು ಯಾವ ಹೈಸ್ಕೂಲು ಪುಸ್ತಕದಲ್ಲೂ ನಾವು ಕಾಣಲಿಲ್ಲ. ಜಾನ್ ಎಡ್ಮನ್‌ಸ್ಟನ್. ದಕ್ಷಿಣ ಅಮೆರಿಕದ ಗಯಾನಾದ ತೋಟದಲ್ಲಿ ಗುಲಾಮನಾಗಿದ್ದ ಕಪ್ಪು ಮನುಷ್ಯ. ಬಿಡುಗಡೆಯಾಗಿ ಎಡಿನ್‌ಬರೋದಲ್ಲಿ ಹಕ್ಕಿಗಳ ಚರ್ಮ ಸುಲಿದು, ಹದಮಾಡಿ, ತುಂಬಿ ನಿಲ್ಲಿಸುವ ಕೆಲಸದಿಂದ ಬದುಕುತ್ತಿದ್ದ. 1826ರಲ್ಲಿ ಹದಿನೇಳರ ಹುಡುಗ ಡಾರ್ವಿನ್ ದುಡ್ಡು ಕೊಟ್ಟು ಅವನ ಹತ್ತಿರ ಆ ಕಸಬು ಕಲಿತ. ಆತ ತುಂಬ ಬುದ್ಧಿವಂತ, ಅವನ ಜೊತೆ ಕೂರುವುದೇ ಒಂದು ಸಂತೋಷವಾಗಿತ್ತು ಅಂತ ಮುದಿವಯಸ್ಸಿನಲ್ಲಿ ನೆನೆದ. ಒಂಬತ್ತು ವರ್ಷದ ಮೇಲೆ ಗಲಾಪಗಸ್ಸಿನ ಹಕ್ಕಿಗಳನ್ನು ಕೆಡದ ಹಾಗೆ ಹಡಗಿನಲ್ಲಿ ತಂದದ್ದು ಈ ಕಸಬಿನಿಂದ. ಚರ್ಮ ಮುಟ್ಟಿದ ಕೈ ಇಲ್ಲದಿದ್ದರೆ ಆ ಹಕ್ಕಿಗಳು ಲಂಡನ್ನಿಗೆ ಬರುತ್ತಿರಲಿಲ್ಲ. ಸತ್ತ ಪ್ರಾಣಿಯ ಚರ್ಮ ಸುಲಿದವನನ್ನು ಊರ ಹೊರಗೆ ನಿಲ್ಲಿಸಿದ ದೇಶದಲ್ಲಿ ಯಾಕೆ ಒಬ್ಬ ಡಾರ್ವಿನ್ ಹುಟ್ಟಲಿಲ್ಲ ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆ. ಇಲ್ಲಿ ಓದಿದವನು ಚರ್ಮ ಮುಟ್ಟಲಿಲ್ಲ, ಚರ್ಮ ಮುಟ್ಟಿದವನನ್ನು ಓದಗೊಡಲಿಲ್ಲ. ವಿಜ್ಞಾನ ಇವೆರಡರ ನಡುವೆ ಬಿದ್ದು ಸತ್ತಿತು.

ಡಾರ್ವಿನ್ ನಮಗೆ ದೇವರಲ್ಲ. ಗುಲಾಮಗಿರಿಯನ್ನು ದ್ವೇಷಿಸಿದ ಆತನೇ 1871ರ ತನ್ನ ಪುಸ್ತಕದಲ್ಲಿ ನಾಗರಿಕರು, ಕಾಡುಜನ ಅಂತ ಮೇಲು ಕೀಳು ಮಾಡಿ ಬರೆದ. ಬಲವಿದ್ದವನೇ ಉಳಿಯುವುದು ಎಂಬ ಅರ್ಥ ಕೊಟ್ಟು ಎಲ್ಲರೂ ಬಳಸುವ ಆ ಘೋಷಣೆ ಹರ್ಬರ್ಟ್ ಸ್ಪೆನ್ಸರ್‌ನದು, 1864ರದು. ಡಾರ್ವಿನ್ ಆಮೇಲೆ ಅದನ್ನು ಎತ್ತಿಕೊಂಡ. ಅವನ ಬಂಧು ಗಾಲ್ಟನ್ 1883ರಲ್ಲಿ ಒಳ್ಳೆಯ ತಳಿಯ ಮನುಷ್ಯರನ್ನು ಬೆಳೆಸುವ ಶಾಸ್ತ್ರಕ್ಕೆ ಹೆಸರಿಟ್ಟ. ಅದು ಮುಂದೆ ಲಕ್ಷಾಂತರ ಜನರ ಹೆಣದ ಮೇಲೆ ನಡೆಯಿತು. ಇವತ್ತೂ "ಮೀಸಲಾತಿ ಬಿಟ್ಟು ಯೋಗ್ಯತೆ ಇದ್ದರೆ ಉಳೀರಿ, ಡಾರ್ವಿನ್ನೇ ಹೇಳಿದಾನೆ" ಅಂತ ನಮ್ಮ ಮುಖಕ್ಕೆ ಹೇಳುವವರಿದ್ದಾರೆ. ಅವರಿಗೂ ಉತ್ತರ ಜೀವಶಾಸ್ತ್ರದಲ್ಲೇ ಇದೆ. ಯೋಗ್ಯತೆ ಅಂದರೆ ಆ ಹೊತ್ತಿನ ಪರಿಸರಕ್ಕೆ ಹೊಂದುವುದು ಅಷ್ಟೇ, ಮೇಲ್ಮೆ ಅಲ್ಲ. ಪರಿಸರವನ್ನು ಬೇಲಿ ಹಾಕಿ ಒಬ್ಬನ ಕೈಗೆ ಕೊಟ್ಟು, ಇನ್ನೊಬ್ಬನಿಗೆ ನೀನು ಹೊಂದಲಿಲ್ಲ ಅನ್ನುವುದು ನಿಸರ್ಗದ ಆಯ್ಕೆಯಲ್ಲ, ಸಾಹುಕಾರನ ಆಯ್ಕೆ. ಈ ತಪ್ಪು ಅರ್ಥವನ್ನು ಅಳಿಸಬೇಕಾದರೂ ಪಾಠ ಬೇಕು. ಪಾಠ ಕಿತ್ತರೆ ಉಳಿಯುವುದು ಬರೀ ತಪ್ಪು ಅರ್ಥ.

ನಮ್ಮ ಬೇಡಿಕೆ ಉದ್ದವಿಲ್ಲ. ಹತ್ತನೇ ಕ್ಲಾಸಿನಲ್ಲಿ ಜೀವವಿಕಾಸದ ಪಾಠ ಇಡಿಯಾಗಿ ಇರಬೇಕು, ಅದಕ್ಕೆ ಪರೀಕ್ಷೆಯಲ್ಲಿ ಅಂಕ ಇರಬೇಕು. ಮಂಗನ ಸಾಲುಚಿತ್ರ ಹರಿದುಹಾಕಿ ಮರದ ಚಿತ್ರ ಬರಬೇಕು. ಕೆಳವರ್ಗ, ಮೇಲ್ವರ್ಗ ಎಂಬ ಮಾತುಗಳು ಬೋರ್ಡಿನಿಂದ ಅಳಿಸಬೇಕು. ಉದಾಹರಣೆಗಳು ಕಾಫಿಯ ತುಕ್ಕಿನಿಂದ, ಹಾಡಿಯ ಜ್ವರದಿಂದ, ನಮ್ಮ ನೆಲದಿಂದ ಬರಬೇಕು.

ಬರುವವರೆಗೆ ಕಾಯುತ್ತಾ ಕೂರಬೇಕೇ? ಬೇಡ. ಡಿಗ್ರಿ ಮುಗಿಸಿ ಊರಿಗೆ ಮರಳಿದ ಗೆಳೆಯರೇ, ಗೆಳತಿಯರೇ, ವಾರಕ್ಕೊಂದು ಸಂಜೆ ಸಾಕು. ಲೈನ್‌ಮನೆಯ ಜಗಲಿ ಸಾಕು, ಒಂದು ತುಕ್ಕು ಹಿಡಿದ ಎಲೆ ಸಾಕು. ಆ ಎಲೆಯನ್ನು ಬೆಳಕಿಗೆ ಹಿಡಿದು ಮಕ್ಕಳಿಗೆ ತೋರಿಸೋಣ. ಪಕ್ಕದಲ್ಲಿ ಅವರ ಅಪ್ಪ ಅಮ್ಮನನ್ನೂ ಕೂರಿಸೋಣ, ಅವರು ನೋಡಿದ್ದನ್ನು ಅವರ ಬಾಯಿಂದಲೇ ಹೇಳಿಸೋಣ, ನಾವು ಅದಕ್ಕೆ ಹೆಸರು ಕೊಡೋಣ. ಬದಲಾಗದೆ ಉಳಿದ ಜೀವ ಈ ಭೂಮಿಯ ಮೇಲೆ ಒಂದೂ ಇಲ್ಲ ಅಂತ ಒಂದು ಮಗುವಿಗೆ ಅರ್ಥವಾದರೆ ಸಾಕು. ಬದಲಾಗಬಾರದು ಅಂತ ಬರೆದಿಟ್ಟವರ ಎಲ್ಲ ಪುಸ್ತಕಗಳನ್ನೂ ಅದು ತಾನೇ ಓದಿ ತಾನೇ ತೀರ್ಪು ಕೊಡುತ್ತದೆ.